ಸುಂಕದ ಕಟ್ಟೆಗೆ ಯಜಮಾನರು ಯಾರು?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಊರೇ ಇದೆ. ಬಸ್ಸಿನ ಕಂಡಕ್ಟರು ದಿನಕ್ಕೆ ಹತ್ತು ಸಲ ಆ ಹೆಸರು ಕೂಗುತ್ತಾನೆ. ಹಿಂದೆ ಸುಂಕದವನು ಕಟ್ಟೆಯ ಮೇಲೆ ಕಣ್ಣೆದುರಿಗೇ ಕುಳಿತಿರುತ್ತಿದ್ದ. ಗಾಡಿ ನಿಲ್ಲಿಸಿದ ರೈತ ಅವನಿಗೆ ಕೈಮುಗಿಯಬಹುದಿತ್ತು, ಇಲ್ಲವೇ ಶಾಪ ಹಾಕಬಹುದಿತ್ತು. ಆದರೆ 2025ರಲ್ಲಿ ಯಶವಂತಪುರದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಹೆಣ್ಣುಮಗಳ ಬೆನ್ನಿಗೆ ಸುಂಕ ಹೇರಿದಾತ ಏಳು ಸಮುದ್ರದಾಚೆ ವಾಷಿಂಗ್ಟನ್ನಿನಲ್ಲಿ ಕುಳಿತಿದ್ದ. ಅವಳು ಅವನಿಗೆ ಓಟು ಹಾಕಿದವಳಲ್ಲ. ಅವಳ ಸುಖದುಃಖ ಅವನ ಕಿವಿಗೆ ಬೀಳುವುದೂ ಇಲ್ಲ.

ನಡೆದದ್ದು ಇಷ್ಟು. ಅಮೆರಿಕಾದ ಅಧ್ಯಕ್ಷ ಟ್ರಂಪ್ ಸಾಹೇಬರು 2025ರ ಏಪ್ರಿಲ್ 2ರಂದು ಲೋಕದ ಬಹುತೇಕ ದೇಶಗಳ ಸರಕಿನ ಮೇಲೆ ಹೊಸ ಸುಂಕ ಸಾರಿದರು. ನಮ್ಮ ದೇಶದ ಪಾಲಿಗೆ ಆಗಸ್ಟ್ 7ರಿಂದ ಶೇಕಡಾ 25 ಜಾರಿಗೆ ಬಂತು. ರಷ್ಯಾದಿಂದ ತೈಲ ಕೊಳ್ಳುತ್ತೀರೆಂಬ ಕಾರಣ ಕೊಟ್ಟು ಆಗಸ್ಟ್ 27ರಿಂದ ಇನ್ನೂ 25 ಸೇರಿಸಿದರು. ಒಟ್ಟು ಶೇಕಡಾ 50, ಅದೂ ಅಂಗಿಯ ಮೇಲೆ ಮೊದಲಿನಿಂದ ಇದ್ದ ಸುಂಕದ ಮೇಲೆ. ನೂರು ರೂಪಾಯಿಯ ಅಂಗಿ ಅಲ್ಲಿನ ಬಂದರಿನಲ್ಲಿ ಇಳಿದೊಡನೆ ಐವತ್ತು ರೂಪಾಯಿ ಹೆಚ್ಚು ಕಕ್ಕಬೇಕು. ಪಕ್ಕದ ಬಾಂಗ್ಲಾದೇಶ, ವಿಯೆಟ್ನಾಂಗಳಿಗೆ ಆಗ ಶೇಕಡಾ 20. ಹೀಗಿರುವಲ್ಲಿ ಬೈಯರ್ ಎಂಬಾತ ಆರ್ಡರನ್ನು ಯಾವ ದೇಶಕ್ಕೆ ತಿರುಗಿಸುತ್ತಾನೆಂದು ಲೆಕ್ಕದ ಮೇಷ್ಟರನ್ನು ಕೇಳಬೇಕಾಗಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ರಷ್ಯಾದ ತೈಲವನ್ನು ಕೊಂಡವರು ಯಾರು? ದೊಡ್ಡ ದೊಡ್ಡ ತೈಲ ಶುದ್ಧೀಕರಣದ ಕಂಪನಿಗಳು. ಬರೆ ಬಿದ್ದದ್ದು ಯಾರಿಗೆ? ಅಂಗಿ ಹೊಲಿದವರಿಗೆ, ಸಿಗಡಿ ಸುಲಿದವರಿಗೆ, ವಜ್ರ ಉಜ್ಜಿದವರಿಗೆ. ಇದರೊಳಗಿನ ತಮಾಷೆ ಕೇಳಿ: ಪೆಟ್ರೋಲಿಯಂ ಸರಕುಗಳನ್ನು ಟ್ರಂಪ್ ಸಾಹೇಬರು ಆ ಸುಂಕದಿಂದ ಹೊರಗಿಟ್ಟಿದ್ದರು. ತೈಲದ ಹೆಸರಿನಲ್ಲಿ ದಂಡ, ತೈಲಕ್ಕೆ ಮಾತ್ರ ವಿನಾಯಿತಿ! ಇದಕ್ಕೇನನ್ನಬೇಕು?

ಈ ಬರೆ ನಮ್ಮ ಬೀದಿಗೆ ಹೇಗೆ ಬರುತ್ತದೆಂಬುದನ್ನು ಪೇಟೆಯ ಪತ್ರಿಕೆಗಳು ಬರೆಯುವುದಿಲ್ಲ. ಷೇರು ಪೇಟೆಯ ಏರಿಳಿತ ಬರೆಯುವುದರಲ್ಲಿಯೇ ಅವಕ್ಕೆ ಜಾಗ ಮುಗಿಯುತ್ತದೆ. ಬೈಯರ್ ಮೊದಲು ರಿಯಾಯಿತಿ ಕೇಳುತ್ತಾನೆ. ಮಾಲೀಕ ಆ ರಿಯಾಯಿತಿಯನ್ನು ತನ್ನ ಲಾಭದಿಂದ ಕೊಡುವವನಲ್ಲ, ಲೈನಿನಿಂದ ಕೊಡುತ್ತಾನೆ. ಮೊದಲು ಓಟಿ ನಿಲ್ಲುತ್ತದೆ. ಆಮೇಲೆ ಹೆಲ್ಪರುಗಳಿಗೆ ನಾಳೆ ಬರಬೇಡಿ ಎನ್ನುತ್ತಾರೆ. ಆಮೇಲೆ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಏರುತ್ತದೆ, ಏಕೆಂದರೆ ಉಳಿದ ಟೈಲರುಗಳು ಹೋದವರ ಕೆಲಸವನ್ನೂ ಎಳೆಯಬೇಕು. ತುಮಕೂರು ರಸ್ತೆಯ ಕಾರ್ಖಾನೆಯಲ್ಲಿ ಓಟಿ ನಿಂತ ತಿಂಗಳು ಹೆಬ್ಬಾಳದ ದಿನಸಿ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ, ಆರ್.ಟಿ. ನಗರದ ಬಟ್ಟೆ ಅಂಗಡಿಯಲ್ಲಿ ಚೀಟಿಯ ಕಂತು ತಪ್ಪುತ್ತದೆ. ಯಲಹಂಕದಲ್ಲಿ ಬಾಡಿಗೆಗೆ ಮನೆ ಕೊಟ್ಟ ವಿಧವೆಯ ಬಾಡಿಗೆ ನಿಲ್ಲುತ್ತದೆ. ಸಣ್ಣ ವ್ಯಾಪಾರಿಯೂ ಕೂಲಿಕಾರನೂ ಬೇರೆ ಬೇರೆ ಎಂದು ಹೇಳುವವರಿಗೆ ಆ ಉದ್ರಿ ಪುಸ್ತಕವನ್ನು ತೋರಿಸಿದರೆ ಸಾಕು.

ಸರಿ, ಈ ಮನುಷ್ಯನಿಗೆ ಇಷ್ಟು ಅಧಿಕಾರ ಕೊಟ್ಟವರು ಯಾರು? ಅಮೆರಿಕಾದ ಸಂವಿಧಾನದ ಮೊದಲನೆಯ ವಿಧಿಯ ಎಂಟನೆಯ ಭಾಗ ತೆರಿಗೆ, ಸುಂಕ ಹಾಕುವ ಅಧಿಕಾರವನ್ನು ಅಲ್ಲಿನ ಪಾರ್ಲಿಮೆಂಟಾದ ಕಾಂಗ್ರೆಸ್ಸಿಗೆ ಕೊಟ್ಟಿದೆ, ಅಧ್ಯಕ್ಷನಿಗಲ್ಲ. ಟ್ರಂಪ್ ಸಾಹೇಬರು ಹಿಡಿದದ್ದು 1977ರ ಇಂಟರ್‌ನ್ಯಾಷನಲ್ ಎಮರ್ಜೆನ್ಸಿ ಎಕನಾಮಿಕ್ ಪವರ್ಸ್ ಆಕ್ಟ್ ಎಂಬ ತುರ್ತು ಕಾನೂನನ್ನು. ಆ ವರ್ಷವನ್ನು ಓದುಗರು ಗಮನಿಸಬೇಕು. 1917ರ ಯುದ್ಧಕಾಲದ ಕಾನೂನೊಂದನ್ನು ಹಿಡಿದು ಅಲ್ಲಿನ ಅಧ್ಯಕ್ಷರು ಶಾಂತಿಕಾಲದಲ್ಲಿಯೂ ಮನಬಂದಂತೆ ಆಳುತ್ತಿದ್ದಾರೆಂದು ಬೇಸತ್ತು, ಅವರ ಕೈ ಕಟ್ಟಲೆಂದೇ ಕಾಂಗ್ರೆಸ್ಸು 1977ರ ಕಾನೂನನ್ನು ಮಾಡಿತು. ಅದೇ 1977ರ ಮಾರ್ಚಿನಲ್ಲಿ ನಮ್ಮ ತುರ್ತುಪರಿಸ್ಥಿತಿ ಮುಗಿಯಿತು. ತುರ್ತು ಎಂಬ ಮಾತಿನ ಅರ್ಥವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಧು ದಂಡವತೆಯವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟಿದ್ದು ಆ ಮಾತಿನ ಹೆಸರಿನಲ್ಲಿ. ಅದೇ ಜೈಲಿನಲ್ಲಿ ಉಬ್ಬಸದಿಂದ ನರಳಿದ ಸ್ನೇಹಲತಾ ರೆಡ್ಡಿಯವರು ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡದ್ದೂ ಆ ಮಾತಿನ ಫಲವೇ.

ಟ್ರಂಪ್ ಸಾಹೇಬರು ಕಂಡ ತುರ್ತು ಯಾವುದು? ಅಮೆರಿಕಾ ಮಾರುವುದಕ್ಕಿಂತ ಕೊಳ್ಳುವುದು ಹೆಚ್ಚಾಗಿದೆಯಂತೆ. ಇದು 1970ರ ದಶಕದಿಂದ ನಡೆದುಬಂದ ಸಂಗತಿ. ಐವತ್ತು ವರ್ಷದಿಂದ ಸೋರುತ್ತಿರುವ ಮಾಡನ್ನು ತೋರಿಸಿ, ಈಗಷ್ಟೇ ಮನೆಗೆ ಬೆಂಕಿ ಬಿತ್ತು ಎಂದು ಬೊಬ್ಬೆ ಹಾಕಿದಂತಾಯಿತು. ಆ ಕಾನೂನಿನಲ್ಲಿ ಆಮದನ್ನು ತಡೆಯಬಹುದು, ನಿಷೇಧಿಸಬಹುದು, ನಿಯಂತ್ರಿಸಬಹುದು ಎಂದೆಲ್ಲ ಇದೆ. ಸುಂಕ ಎಂಬ ಮಾತು ಒಂದೂ ಇಲ್ಲ. ಅದು ಬಂದು ಐವತ್ತು ವರ್ಷ ತುಂಬುತ್ತಾ ಬಂದರೂ ಟ್ರಂಪರಿಗೆ ಮೊದಲು ಯಾವ ಅಧ್ಯಕ್ಷನೂ ಅದರಿಂದ ಸುಂಕ ಹಾಕಿರಲಿಲ್ಲ.

ಇದನ್ನು ಕೋರ್ಟಿಗೆ ಎಳೆದವರು ಯಾರೆಂದು ನಮ್ಮ ಅಂಗಡಿಕಾರ ಬಂಧುಗಳು ತಿಳಿಯಬೇಕು. ದೊಡ್ಡ ದೊಡ್ಡ ಕಂಪನಿಗಳು ಅಧ್ಯಕ್ಷರ ಔತಣಕ್ಕೆ ಹೋಗಿ ಕೈಕುಲುಕುತ್ತಿದ್ದ ದಿನಗಳಲ್ಲಿ ದಾವೆ ಹೂಡಿದ್ದು ವಿ.ಓ.ಎಸ್. ಸೆಲೆಕ್ಷನ್ಸ್ ಎಂಬ ನ್ಯೂಯಾರ್ಕಿನ ದ್ರಾಕ್ಷಾರಸದ ವ್ಯಾಪಾರಿ, ಹೆಂಗಸರ ಸೈಕಲ್ ಉಡುಪು ಮಾರುವವರು, ಮೀನುಗಾರಿಕೆಯ ಸಾಮಾನು ಮಾರುವವರು, ಮಕ್ಕಳ ಕಲಿಕೆಯ ಆಟಿಕೆ ಮಾಡುವ ಲರ್ನಿಂಗ್ ರಿಸೋರ್ಸಸ್ ಎಂಬ ಇಲಿನಾಯ್ ಪ್ರಾಂತದ ಕಂಪನಿ. ಹನ್ನೆರಡು ಪ್ರಾಂತಗಳ ಸರ್ಕಾರಗಳೂ ಬೇರೆಯಾಗಿ ದಾವೆ ಹೂಡಿದವು. 2025ರ ಮೇ 28ರಂದು ವ್ಯಾಪಾರದ ಕೋರ್ಟು ಅಧ್ಯಕ್ಷರ ವಿರುದ್ಧ ತೀರ್ಪಿತ್ತಿತು. ಆಗಸ್ಟ್ 29ರಂದು ಮೇಲಿನ ಕೋರ್ಟಿನ ಹನ್ನೊಂದು ನ್ಯಾಯಾಧೀಶರಲ್ಲಿ ಏಳು ಮಂದಿ ಅದನ್ನೇ ಎತ್ತಿಹಿಡಿದರು. ಕೊನೆಗೆ 2026ರ ಫೆಬ್ರವರಿ 20ರಂದು ಸುಪ್ರೀಂ ಕೋರ್ಟು ಆರಕ್ಕೆ ಮೂರರಂತೆ, ಈ ಕಾನೂನಿನಿಂದ ಅಧ್ಯಕ್ಷನಿಗೆ ಸುಂಕ ಹಾಕುವ ಅಧಿಕಾರ ಇಲ್ಲವೆಂದು ತೀರ್ಮಾನಿಸಿತು. ತೀರ್ಪು ಬರೆದವರು ಮುಖ್ಯ ನ್ಯಾಯಾಧೀಶ ರಾಬರ್ಟ್ಸ್. ಆ ಆರು ಮಂದಿಯಲ್ಲಿ ಇಬ್ಬರು ಸ್ವತಃ ಟ್ರಂಪರೇ ನೇಮಿಸಿದವರು. ಉಪ್ಪು ತಿಂದವರೂ ಒಮ್ಮೊಮ್ಮೆ ನ್ಯಾಯ ಹೇಳುತ್ತಾರೆ; ನಾವು ಇದನ್ನು ಮೆಚ್ಚದೆ ಇರಲಾರೆವು.

ಆದರೆ ಹಬ್ಬ ಮಾಡುವ ಮುಂಚೆ ಎರಡು ಮಾತು. ಸೋತ ದಿನವೇ ಟ್ರಂಪ್ ಸಾಹೇಬರು 1974ರ ವ್ಯಾಪಾರ ಕಾನೂನಿನ 122ನೆಯ ಸೆಕ್ಷನ್ ಹಿಡಿದು ಲೋಕದ ಸರಕಿನ ಮೇಲೆ ಶೇಕಡಾ 10 ಹೊಸ ಸುಂಕ ಸಾರಿದರು. ವ್ಯತ್ಯಾಸ ಇಷ್ಟೇ, ಆ ಸೆಕ್ಷನ್ನಿಗೆ ಕಟ್ಟು ಉಂಟು: ಶೇಕಡಾ 15ನ್ನು ಮೀರುವಂತಿಲ್ಲ, ಕಾಂಗ್ರೆಸ್ಸು ಒಪ್ಪದೆ 150 ದಿನವನ್ನು ಮೀರುವಂತಿಲ್ಲ. ಇಂಥ ಕಟ್ಟು ಬೇಡವೆಂದೇ ಅವರು ಮೊದಲು ತುರ್ತು ಕಾನೂನಿನ ಕಡೆ ಹೋದದ್ದು.

ಎರಡನೆಯದು ವಾಪಸಿನ ಮಾತು. ಕಾನೂನಿಗೆ ವಿರುದ್ಧವಾಗಿ ಕಿತ್ತುಕೊಂಡ ಸುಂಕವನ್ನು ಮರಳಿ ಕೇಳುವ ಹಕ್ಕು ಅದನ್ನು ಬಂದರಿನಲ್ಲಿ ಕಟ್ಟಿದ ಆಮದುದಾರನಿಗೆ. ರಿಯಾಯಿತಿ ಕೊಟ್ಟ ನಮ್ಮೂರ ಸಣ್ಣ ಗಾರ್ಮೆಂಟ್ಸಿನವನಿಗೆ ಇಲ್ಲ. ಓಟಿ ಕಳೆದುಕೊಂಡ ಟೈಲರಿಗೆ ಇಲ್ಲ. ನಾಳೆ ಬರಬೇಡ ಎನಿಸಿಕೊಂಡು ಊರಿಗೆ ಹೋದ ಹೆಲ್ಪರಿಗೆ ಯಾವ ಕೋರ್ಟಿನ ತೀರ್ಪೂ ಆ ನಾಳೆಯನ್ನು ಹಿಂದಕ್ಕೆ ತಂದುಕೊಡುವುದಿಲ್ಲ. ರಾಜರ ಸುಂಕ ತಪ್ಪೆಂದು ಆರು ತಿಂಗಳ ಮೇಲೆ ತಿಳಿದರೆ ಮಾಲೀಕರ ಲೆಕ್ಕ ಸರಿಹೋದೀತು, ಮನೆಯ ಒಲೆಯ ಲೆಕ್ಕ ಸರಿಹೋಗದು. ಆದ್ದರಿಂದಲೇ ತಡೆ ಎಂಬುದು ಸುಂಕ ಬೀಳುವ ಮೊದಲೇ ಇರಬೇಕು, ಬಿದ್ದ ಮೇಲೆ ಅಲ್ಲ.

ಈ ಮಾತನ್ನು ಹಿಡಿದು ನಮ್ಮ ಮನೆಯ ಕಡೆ ತಿರುಗೋಣ. ವಾಷಿಂಗ್ಟನ್ನಿನ ದೊರೆಯನ್ನು ಬೈದು ಚಪ್ಪಾಳೆ ಗಿಟ್ಟಿಸುವುದು ಸುಲಭ. ದೆಹಲಿಯ ದೊರೆಗಳ ಕೈಯಲ್ಲಿ ಇಂಥದೇ ಬೆತ್ತ ಇದೆಯೆಂಬುದನ್ನು ಎಷ್ಟು ಮಂದಿ ಬಲ್ಲರು? ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ರೈತರು ಬಲ್ಲರು. ಇಲ್ಲಿ ಬೆಳೆಯುವ ಗುಲಾಬಿ ಈರುಳ್ಳಿ, ಅಂದರೆ ಬೆಂಗಳೂರು ರೋಸ್, ಗಾತ್ರದಲ್ಲಿ ಸಣ್ಣದು, ಬಣ್ಣ ಕಡುಗೆಂಪು, ಘಾಟು ಜಾಸ್ತಿ. ನಮ್ಮ ಅಡುಗೆಮನೆಗಳಲ್ಲಿ ಅದಕ್ಕೆ ಹೆಚ್ಚು ಬೇಡಿಕೆ ಇಲ್ಲ. ಅದು ಚೆನ್ನೈ ಬಂದರಿನಿಂದ ಸಿಂಗಪುರ, ಮಲೇಷಿಯಾ ಕಡೆಗೆ ಹಡಗು ಹತ್ತುವ ಬೆಳೆ. 2023ರ ಆಗಸ್ಟ್ 19ರ ಶನಿವಾರ ಕೇಂದ್ರ ಸರ್ಕಾರ ಎಲ್ಲ ಈರುಳ್ಳಿಯ ರಫ್ತಿನ ಮೇಲೆ ಶೇಕಡಾ 40 ಸುಂಕ ಹಾಕಿತು. ಊರಿನೊಳಗೆ ಈರುಳ್ಳಿ ಬೆಲೆ ಏರಬಾರದೆಂಬುದು ಕಾರಣ. ಆ ಕಾರಣ ಸುಳ್ಳೆಂದು ನಾವು ಹೇಳುವುದಿಲ್ಲ. ಕೂಲಿಕಾರನ ಮನೆಗೆ ಈರುಳ್ಳಿ ಅಗ್ಗವಾಗಿ ಸಿಗಬೇಕು. ಆದರೆ ಇಲ್ಲಿನವರು ತಿನ್ನದ ಈರುಳ್ಳಿಯನ್ನು ಬಂದರಿನಲ್ಲಿ ತಡೆದರೆ ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಯಾವ ಮೂಟೆಯ ಬೆಲೆ ಇಳಿದೀತು? ಇಳಿದದ್ದು ರೈತನಿಗೆ ಸಿಗುವ ಬೆಲೆ ಮಾತ್ರ. ಯಾರ್ಡಿನ ಹಮಾಲಿಯನ್ನು ಕೇಳಿದ್ದರೂ ಇದನ್ನು ಹೇಳುತ್ತಿದ್ದ. ಕೇಳಿದವರಿಲ್ಲ.

ನಲವತ್ತೊಂದು ದಿನಗಳ ಕೂಗಾಟದ ನಂತರ ಸೆಪ್ಟೆಂಬರ್ 29ರಂದು ಬೆಂಗಳೂರು ರೋಸಿಗೆ ವಿನಾಯಿತಿ ಕೊಟ್ಟರು, ರಾಜ್ಯದ ತೋಟಗಾರಿಕೆ ಕಮಿಷನರ ಸರ್ಟಿಫಿಕೇಟು ತಂದರೆ ಎಂಬ ಷರತ್ತಿನೊಡನೆ. ಡಿಸೆಂಬರಿನಲ್ಲಿ ಈರುಳ್ಳಿ ರಫ್ತನ್ನೇ ನಿಷೇಧಿಸಿದರು. 2024ರ ಮೇ ತಿಂಗಳಲ್ಲಿ ನಿಷೇಧ ತೆಗೆದು ಮತ್ತೆ ಶೇಕಡಾ 40 ಹಾಕಿದರು. ಆ ತಿಂಗಳ ಕೊನೆಯಲ್ಲಿ ರೋಸಿಗೆ ಮತ್ತೆ ವಿನಾಯಿತಿ. ಸೆಪ್ಟೆಂಬರಿನಲ್ಲಿ ಸುಂಕ 20ಕ್ಕೆ ಇಳಿಯಿತು. 2025ರ ಏಪ್ರಿಲ್ 1ರಿಂದ ಪೂರ್ತಿ ಹೋಯಿತು. ಬಿತ್ತುವಾಗ ಒಂದು ಕಾನೂನು, ಕೀಳುವಾಗ ಒಂದು ಕಾನೂನು, ಲಾರಿಗೆ ಹೇರುವಾಗ ಇನ್ನೊಂದು.

ಇದು ಯಾವ ಅಧಿಕಾರ? 1975ರ ಕಸ್ಟಮ್ಸ್ ಸುಂಕದ ಕಾನೂನಿನ 8ನೆಯ ಸೆಕ್ಷನ್ ರಫ್ತು ಸುಂಕಕ್ಕೆ, 8ಎ ಸೆಕ್ಷನ್ ಆಮದು ಸುಂಕಕ್ಕೆ, ಎರಡರ ತಲೆಬರಹದಲ್ಲಿಯೂ ತುರ್ತು ಅಧಿಕಾರವೆಂದೇ ಅಚ್ಚಾಗಿದೆ. ಕೂಡಲೇ ಕ್ರಮ ಕೈಗೊಳ್ಳಬೇಕಾದ ಸಂದರ್ಭ ಇದೆಯೆಂದು ಕೇಂದ್ರ ಸರ್ಕಾರಕ್ಕೆ ಮನವರಿಕೆಯಾದರೆ ಸಾಕು, ಗೆಜೆಟ್ಟಿನ ಒಂದು ಪ್ರಕಟಣೆಯಿಂದ ಸುಂಕ ಏರಿಸಬಹುದು. ಎಷ್ಟು? ತನಗೆ ಅಗತ್ಯ ತೋರಿದಷ್ಟು. ಮೇಲ್ಮಿತಿ ಇಲ್ಲ. ಟ್ರಂಪರ 122ನೆಯ ಸೆಕ್ಷನ್ನಿಗಾದರೂ ಹದಿನೈದರ ಬೇಲಿ ಇದೆ. ನಮ್ಮದಕ್ಕೆ ಅದೂ ಇಲ್ಲ. ನ್ಯಾಯವಾಗಿ ಹೇಳುವುದಾದರೆ ನಮ್ಮ ಕಾನೂನಿನಲ್ಲಿ ಒಂದು ಒಳ್ಳೆಯ ಬಾಗಿಲು ಇದೆ. ಪ್ರಕಟಣೆಯನ್ನು ಎರಡೂ ಸಭೆಗಳ ಮುಂದಿಡಬೇಕು. ಸಭೆ ಸೇರಿರದಿದ್ದರೆ ಸೇರಿದ ಏಳು ದಿನದೊಳಗೆ ಇಡಬೇಕು. ಲೋಕಸಭೆಯ ಮುಂದಿಟ್ಟ ಹದಿನೈದು ದಿನದೊಳಗೆ ಒಪ್ಪಿಗೆಯ ಠರಾವು ತರಬೇಕು. ಆದರೆ ಸಭೆ ಒಪ್ಪದೆ ಹೋದರೂ ಅದುವರೆಗೆ ಕಿತ್ತುಕೊಂಡದ್ದು ಕಿತ್ತುಕೊಂಡಂತೆಯೇ. ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಹಾಕಬಾರದು, ವಸೂಲು ಮಾಡಬಾರದು ಎಂದು ಸಂವಿಧಾನದ 265ನೆಯ ವಿಧಿ ಹೇಳುತ್ತದೆ. ಹಾಗೆ ಹೇಳಿಸಿಕೊಂಡ ಪಾರ್ಲಿಮೆಂಟು ತನ್ನ ಬೀಗದ ಕೈಯನ್ನು ಮಂತ್ರಿಯ ಜೇಬಿಗೆ ಹಾಕಿ ಕುಳಿತಿದೆ.

ಈಗ ತಾರೀಖುಗಳನ್ನು ನೋಡಿ. ಈರುಳ್ಳಿಯ ಸುಂಕ 2023ರ ಆಗಸ್ಟ್ 19ರಂದು. ಪಾರ್ಲಿಮೆಂಟಿನ ಮುಂಗಾರು ಅಧಿವೇಶನ ಮುಗಿದದ್ದು ಆಗಸ್ಟ್ 11ರಂದು. ಎಂಟೇ ದಿನ. ಪುಲ್ವಾಮಾದ ಹತ್ಯಾಕಾಂಡದ ಮೇಲೆ ಪಾಕಿಸ್ತಾನದ ಸರಕಿಗೆ ಶೇಕಡಾ 200 ಸುಂಕ ಹಾಕಿದ್ದು 2019ರ ಫೆಬ್ರವರಿ 16ರ ಶನಿವಾರ ರಾತ್ರಿ. ಪಾರ್ಲಿಮೆಂಟು ಎದ್ದದ್ದು ಫೆಬ್ರವರಿ 13ರಂದು. ಎರಡನೆಯದರಲ್ಲಿ ದೇಶವೇ ಕೆರಳಿದ್ದ ಗಳಿಗೆ, ಅದರ ಸಂದರ್ಭ ಬೇರೆ. ಅಂಥ ದಿನ ಸುಂಕ ಹಾಕಬಾರದಿತ್ತೆಂದು ನಾವು ವಾದಿಸುತ್ತಿಲ್ಲ. ಆದರೂ ಆ ರಾತ್ರಿ ಏನಾಯಿತೆಂಬುದು ವ್ಯಾಪಾರಿಗಳಿಗೆ ಗೊತ್ತಿರಬೇಕಾದ ಕತೆ. ಅಟ್ಟಾರಿ ಗಡಿಯಲ್ಲಿ ಆ ದಿನ ಹಗಲೇ ಕಾಗದಪತ್ರ ಸಲ್ಲಿಸಿ ಹಳೆಯ ಸುಂಕಕ್ಕೆ ಲೆಕ್ಕ ಹಾಕಿಸಿಕೊಂಡ ವರ್ತಕರಿದ್ದರು. ಗೆಜೆಟ್ಟು ಕಂಪ್ಯೂಟರಿನಲ್ಲಿ ಪ್ರಕಟವಾದದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಕಸ್ಟಮ್ಸಿನವರು ಹಗಲಿನ ಸರಕಿಗೂ ರಾತ್ರಿಯ ಸುಂಕ ಕೊಡಿ ಎಂದರು. ವರ್ತಕರು ಹೈಕೋರ್ಟಿನಲ್ಲಿ ಗೆದ್ದರು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟು, ಜಿ.ಎಸ್. ಚಠಾ ರೈಸ್ ಮಿಲ್ಸ್ ಮೊಕದ್ದಮೆಯಲ್ಲಿ, ಸುಂಕ ಹುಟ್ಟುವುದು ಪ್ರಕಟವಾದ ಗಳಿಗೆಯಿಂದ, ಅದಕ್ಕೆ ಮೊದಲಿನ ಗಂಟೆಗಳಿಂದಲ್ಲ ಎಂದಿತು. ತುರ್ತು ಅಧಿಕಾರಕ್ಕೆ ನಮ್ಮ ಕೋರ್ಟು ಹಾಕಿದ ಮಿತಿ ಗಡಿಯಾರದ ಮುಳ್ಳಿನಷ್ಟು. ಅದೂ ಒಂದು ಮಿತಿಯೇ, ಬೇಡವೆನ್ನುವುದಿಲ್ಲ. ಅಷ್ಟಕ್ಕೂ ಒಂದೂವರೆ ವರ್ಷ ಬೇಕಾಯಿತು.

ಸುಂಕ ಹಾಕುವುದಷ್ಟೇ ಅಲ್ಲ, ತೆಗೆಯುವುದೂ ಹೀಗೆಯೇ. ಟ್ರಂಪರ ಬರೆ ಬೀಳಲಿದ್ದ 2025ರ ಆಗಸ್ಟಿನಲ್ಲಿ ನಮ್ಮ ಸರ್ಕಾರ ಹತ್ತಿಯ ಮೇಲಿನ ಶೇಕಡಾ 11 ಆಮದು ಸುಂಕವನ್ನು 19ನೆಯ ತಾರೀಖಿನಿಂದ ತೆಗೆದುಹಾಕಿತು, ಮೊದಲು ಸೆಪ್ಟೆಂಬರ್ 30ರವರೆಗೆ ಎಂದಿತು, ಹತ್ತು ದಿನ ತುಂಬುವುದರೊಳಗೆ ಡಿಸೆಂಬರ್ 31ರವರೆಗೆ ಎಂದಿತು. ಗಿರಣಿಗೆ ಇದರಿಂದ ಉಸಿರು ಬಂದೀತು, ನಮ್ಮ ಟೈಲರುಗಳಿಗೂ ಒಂದಿಷ್ಟು ನೆರಳು ಸಿಕ್ಕೀತು. ಆದರೆ ಹಾವೇರಿ, ಧಾರವಾಡದ ಹೊಲದಲ್ಲಿ ಹತ್ತಿ ನಿಂತಿದ್ದ ಕಾಲ ಅದು. ಆಗಸ್ಟ್ 21ರವರೆಗೆ ಪಾರ್ಲಿಮೆಂಟು ಸೇರಿಯೇ ಇತ್ತು. ಒಳಗೆ ಸದಸ್ಯರು ಕುಳಿತಿದ್ದಾಗಲೇ ಹೊರಗೆ ಗೆಜೆಟ್ಟಿನಲ್ಲಿ ಕೆಲಸ ಮುಗಿಯಿತು. ಟೈಲರಿನ ಅನ್ನಕ್ಕೂ ಹತ್ತಿ ರೈತನ ಅನ್ನಕ್ಕೂ ನಡುವೆ ತಕ್ಕಡಿ ಹಿಡಿಯಬೇಕಾದ ಪ್ರಶ್ನೆ ಇದು. ಆ ತಕ್ಕಡಿ ಹಿಡಿಯುವ ಜಾಗ ಯಾವುದು, ಕಾರ್ಯದರ್ಶಿಯ ಮೇಜೇ?

ನಮ್ಮನ್ನು ತಪ್ಪು ತಿಳಿಯಬೇಡಿ. ಸುಂಕವೇ ಬೇಡ, ಪೇಟೆಯನ್ನು ಬಾಗಿಲು ತೆರೆದು ಬಿಡಿ ಎನ್ನುವ ದೊಡ್ಡ ವರ್ತಕರ ಪಂಗಡ ನಮ್ಮದಲ್ಲ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 30ರಿಂದ 5ಕ್ಕೆ ಇಳಿಸಿದಾಗ ಚೀನಾದ ನೂಲು ನುಗ್ಗಿ ಶಿಡ್ಲಘಟ್ಟ, ರಾಮನಗರಗಳ ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಬಿದ್ದದ್ದನ್ನು ಕಂಡವರು ನಾವು. 2013ರಲ್ಲಿ ಅದನ್ನು 15ಕ್ಕೆ ಏರಿಸಿದರು, ಏರಿಸಿದ್ದು ಸರಿ. ಆದರೆ ಆ ಇಳಿತವೂ ಏರಿಕೆಯೂ ಬಜೆಟ್ಟಿನಲ್ಲಿ ಬಂದವು. ಕಾಗದ ಕಣ್ಣೆದುರಿಗಿತ್ತು, ಸದಸ್ಯರು ಎದ್ದು ಕೇಳಬಹುದಿತ್ತು, ರೈತರು ಯಾರ ಮನೆ ಮುಂದೆ ಕೂರಬೇಕೆಂದು ತಿಳಿದಿತ್ತು. ಶನಿವಾರ ರಾತ್ರಿಯ ಗೆಜೆಟ್ಟಿಗೆ ಮನೆ ಎಲ್ಲಿದೆ, ಬಾಗಿಲು ಎಲ್ಲಿದೆ?

ಬಾಗಿಲಿಲ್ಲದ ಗೋಡೆಯನ್ನು ನಮ್ಮ ಹೆಣ್ಣುಮಕ್ಕಳು ಒಮ್ಮೆ ತಳ್ಳಿ ತೋರಿಸಿದ್ದಾರೆ. 2016ರ ಫೆಬ್ರವರಿ 10ರಂದು ಕೇಂದ್ರದ ಕಾರ್ಮಿಕ ಇಲಾಖೆ ಒಂದು ಪ್ರಕಟಣೆಯಿಂದ, ಪಿ.ಎಫ್.ನಲ್ಲಿ ಮಾಲೀಕನ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಕಾರ್ಖಾನೆ ಬಿಟ್ಟು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಕರೆ ಕೊಟ್ಟ ನಾಯಕರು ಯಾರೂ ಇರಲಿಲ್ಲ. ದೊಡ್ಡ ಯೂನಿಯನ್ನುಗಳು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಅವರು ರಸ್ತೆಯಲ್ಲಿದ್ದರು. 19ರ ಸಂಜೆಯೊಳಗೆ ಸರ್ಕಾರ ಪ್ರಕಟಣೆಯನ್ನು ಹಿಂತೆಗೆಯಿತು. ಕಲ್ಲು ತೂರಾಟ, ಬೆಂಕಿ, ಲಾಠಿ ಏಟು, ಕೇಸುಗಳ ಬೆಲೆಯೂ ಅದಕ್ಕೆ ತೆರಬೇಕಾಯಿತು. ಸಭೆಯಲ್ಲಿ ಒಂದು ಗಂಟೆ ಚರ್ಚೆಯಾಗಿದ್ದರೆ ತಪ್ಪುತ್ತಿದ್ದ ಬೆಲೆ ಅದು.

ಆದುದರಿಂದ ನಮ್ಮ ಬೇಡಿಕೆ ದೊಡ್ಡದೇನೂ ಅಲ್ಲ. 8 ಮತ್ತು 8ಎ ಸೆಕ್ಷನ್ನುಗಳಿಗೆ ಮೇಲ್ಮಿತಿ ಬರೆಯಿರಿ. ಸಭೆ ಒಪ್ಪದಿದ್ದರೆ ಅರವತ್ತು ದಿನಕ್ಕೆ ಸುಂಕ ತಾನಾಗಿ ಬೀಳಲಿ, ಅದುವರೆಗೆ ವಸೂಲಾದದ್ದು ಮರಳಿ ಹೋಗಲಿ. ಒಪ್ಪಿಗೆಯ ಠರಾವಿನೊಡನೆ ಈ ಸುಂಕದಿಂದ ಯಾರ ಕೂಲಿ, ಯಾರ ಬೆಳೆ ತಗ್ಗುತ್ತದೆಂಬ ಲೆಕ್ಕವನ್ನೂ ಮೇಜಿನ ಮೇಲಿಡಲಿ. ಹೊರದೇಶದ ದೊರೆ ಅಕ್ರಮ ಸುಂಕ ಹಾಕಿ ಇಲ್ಲಿ ಕೆಲಸ ನಿಂತರೆ, ರಫ್ತುದಾರನ ಸಾಲಕ್ಕೆ ರಿಯಾಯಿತಿ ಕೊಡುವ ಸರ್ಕಾರ ಟೈಲರಿನ ನಿಂತ ಕೂಲಿಗೂ ಕೈಬಿಚ್ಚಲಿ.

ಹೆಬ್ಬಾಳ, ಆರ್.ಟಿ. ನಗರದವರ ಓಟು ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರಕ್ಕೆ. ಯಲಹಂಕದವರದು ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ. ಟೈಲರುಗಳು ಒಂದರಲ್ಲಿ, ಈರುಳ್ಳಿ ಬೆಳೆದವರು ಇನ್ನೊಂದರಲ್ಲಿ. ಎರಡೂ ಕ್ಷೇತ್ರಗಳ ಸದಸ್ಯರಿಗೆ ಒಂದೇ ಪ್ರಶ್ನೆ ಬರೆದು ಅಂಚೆಗೆ ಹಾಕಿದ್ದೇವೆ: ಮುಂದಿನ ಸಲ ಇಂಥ ಸುಂಕದ ಠರಾವು ಲೋಕಸಭೆಯ ಮುಂದೆ ಬಂದಾಗ ತಾವು ಎದ್ದು ಮಾತಾಡುತ್ತೀರಾ, ಇಲ್ಲವೇ ಕುಳಿತೇ ಕೈ ಎತ್ತುತ್ತೀರಾ? ಉತ್ತರ ಬಂದರೆ ಬಂದಂತೆಯೇ ಅಚ್ಚು ಹಾಕುತ್ತೇವೆ.